ಆಟಿಸಂ ಇರುವ ಮಕ್ಕಳ ತಂದೆತಾಯಿಯರ ಬಳಲಿಕೆ: ಹೊರೆಯನ್ನು ನಿಜವಾಗಿ ಇಳಿಸಿಕೊಳ್ಳುವುದು ಹೇಗೆ?

ಇರುಳಂಚು ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಒಂಬತ್ತು ವರ್ಷ. ಆಟಿಸಂ ಇದೆ, ಮಾತು ಕಡಿಮೆ, ನಿದ್ದೆ ಅದಕ್ಕಿಂತ ಕಡಿಮೆ. ಈ ಸಲ ನಾನು ಕೇಳಬೇಕೆಂದಿರುವುದು ಅವನ ಬಗ್ಗೆ ಅಲ್ಲ, ಅವನಂಥ ಮಕ್ಕಳನ್ನು ನೋಡಿಕೊಳ್ಳುವ ನಮ್ಮ ಬಗ್ಗೆ. ವೈದ್ಯರು, ಥೆರಪಿಸ್ಟರು, ಬಂಧುಗಳು ಎಲ್ಲರೂ ಮಾತು ಮುಗಿಸುವ ಹೊತ್ತಿಗೆ "ನಿಮ್ಮ ಆರೋಗ್ಯವನ್ನೂ ನೋಡಿಕೊಳ್ಳಿ" ಎಂದು ಹೇಳಿ ಎದ್ದುಬಿಡುತ್ತಾರೆ. ಅದರಲ್ಲಿ ಕಾಳಜಿ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಯಾವ ಹೊತ್ತಿನಲ್ಲಿ, ಯಾರ ಕೈಗೆ ಮಗುವನ್ನು ಒಪ್ಪಿಸಿ ನೋಡಿಕೊಳ್ಳಬೇಕು ಎಂಬುದನ್ನು ಯಾರೂ ಹೇಳದೇ ಇರುವುದರಿಂದ, ಆ ಮಾತು ಈಗಾಗಲೇ ತುಂಬಿರುವ ಕೆಲಸದ ಪಟ್ಟಿಗೆ ಇನ್ನೊಂದು ಬಾಕಿ ಕೆಲಸವಾಗಿ ಸೇರಿಕೊಳ್ಳುತ್ತದೆ, ಅಷ್ಟೇ.

ನನ್ನನ್ನು ಕಾಡುತ್ತಿರುವುದು ಸಿಟ್ಟಲ್ಲ, ಏನೂ ಅನ್ನಿಸದೇ ಇರುವುದು. ಸಂಜೆಯ ಬಿಸಿಲು ಕಿಟಕಿಯ ಗಾಜಿನ ಮೇಲೆ ಬಿದ್ದಾಗ ಮಗ ನನ್ನ ಕೈ ಹಿಡಿದು ಅಲ್ಲಿಗೆ ಎಳೆದೊಯ್ದು, ನನ್ನದೇ ತೋರುಬೆರಳಿನಿಂದ ಆ ಬೆಳಕಿನ ಅಂಚನ್ನು ಮುಟ್ಟಿಸುತ್ತಾನೆ. ಅವನು ತನ್ನ ಖುಷಿಯನ್ನು ಹಂಚಿಕೊಳ್ಳುವ ಬಗೆ ಅದು. ಮೊದಲೆಲ್ಲ ಆ ಕ್ಷಣಕ್ಕಾಗಿ ಕಾಯುತ್ತಿದ್ದೆ. ಈಗ ಬೆರಳು ಗಾಜಿನ ಮೇಲಿದ್ದರೂ ಮನಸ್ಸು ಮುಂದಿನ ಕೆಲಸವನ್ನು ಲೆಕ್ಕ ಹಾಕುತ್ತಿರುತ್ತದೆ. ಊಟ, ಸ್ನಾನ, ಥೆರಪಿ ಯಾವುದೂ ತಪ್ಪುತ್ತಿಲ್ಲ, ಎಲ್ಲವೂ ಯಂತ್ರದಂತೆ ನಡೆಯುತ್ತಿದೆ.

ಇದು ಬರೀ ಆಯಾಸವೋ, ಖಿನ್ನತೆಯೋ, ಬಹುಕಾಲದ ಒತ್ತಡದಿಂದ ಒಳಗೇ ಬತ್ತಿಹೋಗುವ ಬರ್ನೌಟೋ ಎಂದು ಗುರುತಿಸುವುದು ಹೇಗೆ? ನಿಮ್ಮ ಮನೆಗಳಲ್ಲಿ ಹೊರೆಯನ್ನು ನಿಜಕ್ಕೂ ಇಳಿಸಿದ್ದು ಯಾವುದು? ಧ್ಯಾನ ಮಾಡಿ, ಸಂಗೀತ ಕೇಳಿ ಎಂಬ ಸಲಹೆಗಳನ್ನು ದಯವಿಟ್ಟು ಸದ್ಯಕ್ಕೆ ಬದಿಗಿಡಿ.

ಸಾವಧಾನ ಬರೆದಿದ್ದಾರೆ:

ಇರುಳಂಚು ಅವರೇ, ನಾನು ಆಪ್ತಸಮಾಲೋಚನೆಯ ವೃತ್ತಿಯಲ್ಲಿದ್ದೇನೆ, ಆಟಿಸಂ ಇರುವ ಮಗಳ ತಾಯಿಯೂ ಹೌದು. ನಿಮ್ಮ ಮೊದಲ ಪ್ರಶ್ನೆಗೆ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಬರ್ನೌಟ್ ಅನ್ನು ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ವಿವರಿಸಿದ್ದು ಚಿಕಿತ್ಸಾಲಯದಲ್ಲಿ ದುಡಿಯುವವರನ್ನು ಕಂಡು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂದಿದೆ. ಅದು ಬರ್ನೌಟನ್ನು ಉದ್ಯೋಗದ ಸಂದರ್ಭಕ್ಕೆ ಮಾತ್ರ ಸೀಮಿತಗೊಳಿಸಿದೆ, ಕಾಯಿಲೆ ಎಂದೂ ಕರೆದಿಲ್ಲ. ರಜೆಯೂ ಇಲ್ಲದ, ರಾಜೀನಾಮೆಯನ್ನೂ ಕೊಡಲಾಗದ ಕೆಲಸವೇ ಆ ವ್ಯಾಖ್ಯೆಯ ಹೊರಗೆ ಉಳಿದಿರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಈ ಕೊರತೆಯನ್ನು ತುಂಬಿದವರಲ್ಲಿ ಬೆಲ್ಜಿಯಂನ ಸಂಶೋಧಕಿಯರಾದ ಇಸಾಬೆಲ್ ರೋಸ್ಕಾಮ್ ಮತ್ತು ಮೊಯ್ರಾ ಮಿಕೊಲಾಯ್‌ಚಾಕ್ ಪ್ರಮುಖರು. ತಂದೆತಾಯಿಯರ ಬರ್ನೌಟ್ ಅನ್ನು ಅಳೆಯಲು ಅವರು 2018ರಲ್ಲಿ 23 ಪ್ರಶ್ನೆಗಳ ಮಾಪಕವೊಂದನ್ನು ಪ್ರಕಟಿಸಿದರು. ಅದರಲ್ಲಿ ನಾಲ್ಕು ಲಕ್ಷಣಗಳಿವೆ: ಪಾಲನೆಯ ಪಾತ್ರದಲ್ಲಿ ಸಂಪೂರ್ಣ ಬಳಲಿಕೆ, ತಾನು ಮೊದಲಿದ್ದಂಥ ತಾಯಿ ಅಥವಾ ತಂದೆಯಾಗಿ ಉಳಿದಿಲ್ಲ ಎಂಬ ಭಾವ, ಈ ಪಾತ್ರವೇ ಸಾಕಾಗಿಹೋಗಿದೆ ಎಂಬ ಜಿಗುಪ್ಸೆ, ಮತ್ತು ಮಗುವಿನಿಂದ ಭಾವನಾತ್ಮಕವಾಗಿ ದೂರವಾಗುವುದು. ಮಗುವಿಗೆ ಬೇಕಾದ್ದೆಲ್ಲವನ್ನೂ ಮಾಡುತ್ತಿದ್ದರೂ ಒಳಗೆ ಏನೂ ಮಿಡಿಯುವುದಿಲ್ಲ ಎಂದು ನೀವು ಬರೆದದ್ದು ಈ ನಾಲ್ಕನೆಯದಕ್ಕೆ ಬಹಳ ಹತ್ತಿರವಿದೆ.

ಖಿನ್ನತೆ ಸಾಮಾನ್ಯವಾಗಿ ಬದುಕಿನ ಎಲ್ಲ ಭಾಗಗಳಿಗೂ ಹರಡುತ್ತದೆ, ಹಿಂದೆ ಇಷ್ಟವಾಗುತ್ತಿದ್ದ ಯಾವುದೂ ಹಿಡಿಸುವುದಿಲ್ಲ. ಬರ್ನೌಟ್ ಆರಂಭದಲ್ಲಾದರೂ ಆ ಒಂದು ಪಾತ್ರಕ್ಕೆ ಅಂಟಿಕೊಂಡಿರುತ್ತದೆ. ಕಚೇರಿಯಲ್ಲೋ ಸ್ನೇಹಿತರ ನಡುವೆಯೋ ಮನಸ್ಸು ಹಗುರಾಗಿ, ಮನೆಯ ಬಾಗಿಲು ಸಮೀಪಿಸಿದಂತೆ ಮತ್ತೆ ಭಾರವಾಗುತ್ತದೆ. ಆದರೆ ಒಂದು ಇನ್ನೊಂದಕ್ಕೆ ದಾರಿಯಾಗಬಹುದು, ಎರಡೂ ಒಟ್ಟಿಗೆ ಇರಬಹುದು. ಆದ್ದರಿಂದ ಇಲ್ಲಿ ಓದಿ ನಿರ್ಧರಿಸದೆ ಒಮ್ಮೆ ವೈದ್ಯರನ್ನು ಕಾಣಿರಿ. ಥೈರಾಯ್ಡ್ ತೊಂದರೆ, ರಕ್ತಹೀನತೆಗಳೂ ಇಂಥದೇ ಬಳಲಿಕೆಯನ್ನು ತರುತ್ತವೆ. ನಮ್ಮಂಥವರು ಮಗುವಿನ ಪರೀಕ್ಷೆಗಳನ್ನು ತಪ್ಪಿಸುವುದಿಲ್ಲ, ನಮ್ಮ ರಕ್ತ ಪರೀಕ್ಷೆಯನ್ನು ಮಾತ್ರ ವರ್ಷಗಟ್ಟಲೆ ಮುಂದೂಡುತ್ತೇವೆ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಎಲ್ಲವನ್ನೂ ಬಿಟ್ಟು ಎಲ್ಲಿಗಾದರೂ ಹೊರಟುಹೋಗಬೇಕು, ಬದುಕೇ ಬೇಡ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆಯೇ ಎಂಬ ಯೋಚನೆಗಳು ತೀವ್ರ ಬರ್ನೌಟಿನಲ್ಲಿ ಬರುತ್ತವೆ ಎಂಬುದನ್ನು ಸಂಶೋಧನೆಗಳೂ ದಾಖಲಿಸಿವೆ. ಅಂಥ ಯೋಚನೆ ಬಂದವರು ಕೆಟ್ಟ ತಂದೆತಾಯಿಯರಲ್ಲ. ಅವರಿಗೆ ಅಂದೇ ನೆರವು ಬೇಕು. ಮಗುವನ್ನು ಸುರಕ್ಷಿತ ಜಾಗದಲ್ಲಿರಿಸಿ, ನಂಬಿಕೆಯ ಒಬ್ಬರನ್ನು ಕರೆಸಿಕೊಂಡು, ತುರ್ತು ಸಹಾಯವಾಣಿಗೋ ವೈದ್ಯರಿಗೋ ತಿಳಿಸಬೇಕು.

ಮೂರನೆಯ ಪಾಳಿ ಬರೆದಿದ್ದಾರೆ:

ಸಾವಧಾನ ಮೇಡಂ ಹೇಳಿದ ಅದೇ ಸಂಶೋಧಕಿಯರ ವಿವರಣೆಯಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ತಕ್ಕಡಿಯ ಚಿತ್ರ. ಒಂದು ತಟ್ಟೆಯಲ್ಲಿ ಒತ್ತಡಗಳು, ಇನ್ನೊಂದರಲ್ಲಿ ಆಸರೆಗಳು. ಮೊದಲನೆಯದು ಬಹುಕಾಲ ತೂಗಿದರೆ ಬರ್ನೌಟ್. ಸ್ವಂತ ಆರೈಕೆಯ ಬಗ್ಗೆ ಬರೆಯುವವರೆಲ್ಲ ಎರಡನೆಯ ತಟ್ಟೆಗೆ ಏನಾದರೂ ಸೇರಿಸಲು ಹೇಳುತ್ತಾರೆ. ನಾನು ಆಟಿಸಂ ಇರುವ ಮಗನ ತಂದೆ, ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧ. ಮೊದಲು ಒಂದನೆಯ ತಟ್ಟೆಯಿಂದ ಏನನ್ನಾದರೂ ತೆಗೆಯಬೇಕು. ವಾರಕ್ಕೊಮ್ಮೆ ಒಂದು ಗಂಟೆ ಹೊರಗೆ ಹೋಗಿ ಬಂದರೆ, ಉಳಿದ ಗಂಟೆಗಳು ಹಾಗೆಯೇ ಇದ್ದಲ್ಲಿ, ಹೋದಷ್ಟು ಹೊತ್ತಿನ ಕೆಲಸವೂ ಸೇರಿ ಕಾದಿರುತ್ತದೆ.

ತೆಗೆಯುವುದೆಂದರೆ ಏನನ್ನು? ನಮ್ಮ ಮನೆಯಲ್ಲಿ ಸ್ಪೀಚ್ ಥೆರಪಿಸ್ಟ್ ಕೊಟ್ಟ ಅಭ್ಯಾಸಗಳು, ದಿನನಿತ್ಯದ ಕೆಲಸಗಳನ್ನು ರೂಢಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಕೊಟ್ಟವು, ವಿಶೇಷ ಶಿಕ್ಷಕರು ಕೊಟ್ಟವು ಎಲ್ಲವೂ ಸೇರಿ ಸಂಜೆ ಎನ್ನುವುದೇ ಉಳಿದಿರಲಿಲ್ಲ. ಹಲ್ಲುಜ್ಜುವುದೂ ಒಂದು ಗುರಿ, ಅಂಗಿಯ ಗುಂಡಿ ಹಾಕುವುದೂ ಒಂದು ಗುರಿ. ಪ್ರತಿಯೊಬ್ಬರೂ ಕೊಟ್ಟದ್ದು ಅವರ ಮಟ್ಟಿಗೆ ಸಣ್ಣದೇ. ಒಟ್ಟು ಮೊತ್ತವನ್ನು ಕೂಡಿ ನೋಡುವವರು ಯಾರೂ ಇರಲಿಲ್ಲ. ಆಗ ನಾನು ಮತ್ತು ಹೆಂಡತಿ ಮೂವರಿಗೂ ಒಂದೇ ಕಾಗದವನ್ನು ಕಳುಹಿಸಿದೆವು. ಮನೆಯಲ್ಲಿ ಈಗ ನಡೆಯುತ್ತಿರುವ ಎಲ್ಲ ಅಭ್ಯಾಸಗಳನ್ನೂ ಅವುಗಳಿಗೆ ಹಿಡಿಯುವ ಸಮಯವನ್ನೂ ಅದರಲ್ಲಿ ಬರೆದು, "ಈ ತಿಂಗಳು ನಾವು ಇವುಗಳಲ್ಲಿ ಒಂದನ್ನು ಮಾತ್ರ ಮಾಡಬಲ್ಲೆವು, ಯಾವುದೆಂದು ನೀವೇ ಮಾತನಾಡಿಕೊಂಡು ತಿಳಿಸಿ" ಎಂದು ಕೇಳಿದ್ದೆವು. ಉತ್ತರ ಬಂತು, ಯಾರೂ ಬೇಸರಿಸಿಕೊಳ್ಳಲಿಲ್ಲ. ಅವರು ಆರಿಸಿದ್ದು ಮಗ ತನಗೆ ಬೇಡವಾದದ್ದನ್ನು ಕಾರ್ಡ್ ತೋರಿಸಿ ತಿಳಿಸುವುದನ್ನು. ಗುಂಡಿ ಹಾಕುವುದು ಕಾಯಬಹುದು ಎಂದರು. ಗುಂಡಿಯಿಲ್ಲದ ಅಂಗಿಗಳೂ ಇವೆಯಲ್ಲ.

ಆಧಾರವಿಲ್ಲದ ಚಿಕಿತ್ಸೆಗಳನ್ನೂ ಇದೇ ತಟ್ಟೆಯಿಂದ ತೆಗೆಯಿರಿ. ಕೀಲೇಷನ್ (ದೇಹದಲ್ಲಿನ ಲೋಹಗಳನ್ನು ಔಷಧ ಕೊಟ್ಟು ಹೊರಹಾಕಿಸುವುದು), ಅಧಿಕ ಒತ್ತಡದ ಆಮ್ಲಜನಕದ ಕೊಠಡಿ, ಆಟಿಸಂ ಅನ್ನು "ಗುಣಪಡಿಸುವ" ಪುಡಿಗಳು, ಇವು ಹಣವನ್ನು ಮಾತ್ರವಲ್ಲ, ಆಸೆಪಟ್ಟು ನಿರಾಸೆಗೊಳ್ಳುವ ನಮ್ಮ ಶಕ್ತಿಯನ್ನೂ ತಿನ್ನುತ್ತವೆ. ಕೀಲೇಷನ್ನಿಂದ ಜೀವಕ್ಕೇ ಅಪಾಯವಿದೆ.

ಗುಬ್ಬಿಗೂಡು ಬರೆದಿದ್ದಾರೆ:

ಕ್ಷಮಿಸಿ, ಮೂರನೆಯ ಪಾಳಿ ಅವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ನನ್ನ ಮಗಳಿಗೆ ಈಗ ಮೂರು ವರ್ಷ, ರೋಗನಿರ್ಣಯವಾಗಿ ಹೆಚ್ಚು ಕಾಲವಾಗಿಲ್ಲ. ಆರಂಭದ ವರ್ಷಗಳೇ ಮುಖ್ಯ, ಈಗ ಕಳೆದುಕೊಂಡ ಹೊತ್ತು ಮತ್ತೆ ಸಿಗುವುದಿಲ್ಲ ಎಂದು ಎಲ್ಲರೂ ಎಚ್ಚರಿಸುತ್ತಿರುವಾಗ, ನನಗೆ ದಣಿವಾಗಿದೆ ಎಂಬ ಕಾರಣಕ್ಕೆ ಅವಳ ಅಭ್ಯಾಸವನ್ನು ಬಿಡುವ ಧೈರ್ಯ ನನಗಿಲ್ಲ. ದೊಡ್ಡ ಮಕ್ಕಳಿರುವವರಿಗೆ ಇದು ಸುಲಭವಾಗಿ ಕಾಣಬಹುದು.

ಮೂರನೆಯ ಪಾಳಿ ಬರೆದಿದ್ದಾರೆ:

ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ಅದನ್ನು ಹಗುರವಾಗಿ ಕಾಣುತ್ತಿಲ್ಲ. ಬೇಗ ಆರಂಭಿಸುವುದರಿಂದ ಉಪಯೋಗವಿದೆ ಎಂಬುದೂ ನಿಜ. ಆದರೆ ಬೇಗ ಆರಂಭಿಸಬೇಕು ಎಂಬ ಮಾತು, ಒಂದು ನಿಮಿಷವೂ ಸುಮ್ಮನಿರಬಾರದು ಎಂಬ ಮಾತಾಗಿ ನಮ್ಮ ಕಿವಿಗೆ ಬೀಳುತ್ತದೆ. ಮೂರು ವರ್ಷಕ್ಕೆ ಕಲಿಕೆಯ ಬಾಗಿಲು ಮುಚ್ಚಿಹೋಗುವುದಿಲ್ಲ. ಹದಿಹರೆಯದಲ್ಲಿ, ಅದರ ನಂತರವೂ ಹೊಸದನ್ನು ಕಲಿಯುವ ಆಟಿಸಂ ಇರುವವರು ಬೇಕಾದಷ್ಟು ಮಂದಿ ಇದ್ದಾರೆ. ತಾಯಿ ಹಲ್ಲುಕಚ್ಚಿಕೊಂಡು ಮಾಡಿಸುವ ಅಭ್ಯಾಸಕ್ಕಿಂತ ಇಬ್ಬರೂ ನೆಲದ ಮೇಲೆ ಕುಳಿತು ನಗುತ್ತಾ ಆಡುವ ಹತ್ತು ನಿಮಿಷವೇ ಮಗುವಿಗೆ ಹೆಚ್ಚನ್ನು ಕೊಡುತ್ತದೆ ಎಂಬುದು ನನ್ನ ನಂಬಿಕೆ.

ಸಾವಧಾನ ಬರೆದಿದ್ದಾರೆ:

ಇದಕ್ಕೊಂದು ಮಾತು ಸೇರಿಸುತ್ತೇನೆ. ಬೆಳವಣಿಗೆಯಲ್ಲಿ ಹಿಂದುಳಿದ ಮತ್ತು ಆಟಿಸಂ ಇರುವ ಮಕ್ಕಳ ಪಾಲಕರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿರುವ ತರಬೇತಿಯಲ್ಲಿ ಒಂಬತ್ತು ಗುಂಪು ಸಭೆಗಳೂ ಮೂರು ಮನೆ ಭೇಟಿಗಳೂ ಇವೆ. ಅದು ಹೇಳಿಕೊಡುವುದು ಬಟ್ಟೆ ಮಡಚುವುದು, ಸ್ನಾನ, ಆಟ ಮುಂತಾಗಿ ಹೇಗೂ ನಡೆಯುವ ದಿನಚರಿಯಲ್ಲಿಯೇ ಮಗುವಿನೊಡನೆ ತೊಡಗಿಕೊಳ್ಳುವುದನ್ನು, ಪ್ರತ್ಯೇಕ ತರಗತಿ ನಡೆಸುವುದನ್ನಲ್ಲ. ಪಾಲಕರ ಸ್ವಂತ ಮನಸ್ಸಿನ ಆರೋಗ್ಯವೂ ಅದೇ ಪಠ್ಯದ ಭಾಗವಾಗಿದೆ. ಗುಬ್ಬಿಗೂಡು ಅವರು ಮಗಳ ಅಭ್ಯಾಸವನ್ನು ಬಿಡಬೇಕಾಗಿಲ್ಲ, ಅದನ್ನು ಮೇಜಿನಿಂದ ಇಳಿಸಿ ದಿನಚರಿಯೊಳಗೆ ತರಬಹುದು.

ಗಾಳಿಪಟ ಬರೆದಿದ್ದಾರೆ:

ನಾನು ಆಟಿಸಂ ಇರುವ ವಯಸ್ಕ. ಇಲ್ಲಿ ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ, ಏಕೆಂದರೆ ಇಂಥ ಚರ್ಚೆಗಳಲ್ಲಿ ಮಗುವೇ ಹೊರೆ ಎಂಬ ಧ್ವನಿ ಕೆಲವೊಮ್ಮೆ ಬಂದುಬಿಡುತ್ತದೆ. ಈ ಚರ್ಚೆಯಲ್ಲಿ ಅದು ಬಂದಿಲ್ಲ, ಅದಕ್ಕೆ ಕೃತಜ್ಞ.

ನಮಗೂ ಬರ್ನೌಟ್ ಆಗುತ್ತದೆ. ಸದ್ದು, ಬೆಳಕು, ಇತರರಂತೆ ಕಾಣಿಸಿಕೊಳ್ಳಬೇಕೆಂಬ ಒತ್ತಾಯ ಇವೆಲ್ಲ ಕೂಡಿ, ಇದ್ದ ಕೌಶಲಗಳೂ ಕೈಬಿಟ್ಟುಹೋಗುವಷ್ಟು ಬಳಲುತ್ತೇವೆ. ಆದ್ದರಿಂದ ಗುರಿಗಳನ್ನು ಕಡಿಮೆ ಮಾಡುವುದರಿಂದ ತಂದೆತಾಯಿಗೆ ಲಾಭ, ಮಗುವಿಗೆ ನಷ್ಟ ಎಂಬ ಲೆಕ್ಕ ಸರಿಯಲ್ಲ. ಮನೆಯ ಒಟ್ಟು ಬೇಡಿಕೆ ತಗ್ಗಿದರೆ ಇಬ್ಬರಿಗೂ ಉಸಿರು ಸಿಗುತ್ತದೆ. ಆಟಿಸಂ ಇರುವವರು ಮತ್ತು ಇಲ್ಲದವರ ನಡುವೆ ಅರ್ಥವಾಗದಿರುವುದು ಎರಡೂ ಕಡೆಯ ತೊಡಕು ಎಂದು ಸ್ವತಃ ಆಟಿಸಂ ಇರುವ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ವಾದಿಸಿದರು. ಅದನ್ನು ಒಪ್ಪಿದರೆ, ಮಗುವನ್ನು ಸದಾ ತಿದ್ದುತ್ತಲೇ ಇರಬೇಕೆಂಬ ಕೆಲಸವೂ ಅರ್ಧಕ್ಕೆ ಇಳಿಯುತ್ತದೆ. ಕೈ ಬೀಸುವುದು, ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುವುದು ಯಾರಿಗೂ ನೋವು ಮಾಡದಿದ್ದರೆ ಅದನ್ನು ಇರಗೊಡಿ.

ಇನ್ನೊಂದು ವಿಷಯ. ಆಟಿಸಂ ಬಹಳಮಟ್ಟಿಗೆ ವಂಶವಾಹಿಗಳ ಮೂಲಕ ಬರುವಂಥದ್ದು, ಹಾಗಾಗಿ ತಂದೆತಾಯಿಯರಲ್ಲಿ ಕೆಲವರಿಗೂ ಗುರುತಿಸದೇ ಉಳಿದ ಆಟಿಸಂ ಅಥವಾ ಅದರ ಕೆಲವು ಲಕ್ಷಣಗಳು ಇರುತ್ತವೆ. ಸಂಜೆ ಹೊತ್ತಿಗೆ ನಿಮಗೇ ಸದ್ದು ಸಹಿಸಲಾಗದೆ ಹೋದರೆ, ಅದನ್ನು ತಾಳ್ಮೆಯ ಕೊರತೆ ಎಂದು ಎಣಿಸಬೇಡಿ. ಮಗುವಿಗೆ ಕೊಟ್ಟ ಸದ್ದು ತಡೆಯುವ ಹೆಡ್‌ಫೋನನ್ನು ನೀವೂ ಒಂದು ಕೊಂಡುಕೊಳ್ಳಿ. ಅದನ್ನು ಹಾಕಿಕೊಂಡೂ ಮಗುವಿನ ಮೇಲೆ ಕಣ್ಣಿಡಬಹುದು.

ಕಂದೀಲು ಬರೆದಿದ್ದಾರೆ:

ಇರುಳಂಚು ಅವರು ನಿದ್ದೆಯ ಮಾತನ್ನು ಒಂದೇ ಪದದಲ್ಲಿ ಮುಗಿಸಿದ್ದಾರೆ. ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ಹಿಡಿಯಬೇಕಾದದ್ದು ಅದನ್ನೇ. ಆಟಿಸಂ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ನಿದ್ದೆಯ ತೊಂದರೆ ಇರುತ್ತದೆ, ಮಗು ಎದ್ದಿದ್ದರೆ ಮನೆಯಲ್ಲೊಬ್ಬರು ಎದ್ದಿರಲೇಬೇಕು. ಹಾಗೆ ವರ್ಷಗಟ್ಟಲೆ ಕೆಟ್ಟ ನಿದ್ದೆಯ ಮೇಲೆ ಯಾವ ಆರೈಕೆಯೂ ಹತ್ತುವುದಿಲ್ಲ.

ಇದು ಆಟಿಸಂನ ಭಾಗ, ಸಹಿಸಿಕೊಳ್ಳಬೇಕು ಎಂದು ಬಿಟ್ಟುಬಿಡಬಾರದು. ಮಲಬದ್ಧತೆ, ಹೊಟ್ಟೆಯ ಹುಳಿ ಮೇಲಕ್ಕೆ ಬರುವುದು, ಹಲ್ಲುನೋವು, ಕಬ್ಬಿಣಾಂಶದ ಕೊರತೆಯಿಂದ ಮಲಗಿದಾಗ ಕಾಲು ಆಡಿಸುತ್ತಲೇ ಇರಬೇಕೆನಿಸುವುದು, ರಾತ್ರಿ ಬರುವ ಫಿಟ್ಸ್ ಇವೆಲ್ಲವೂ ನಿದ್ದೆ ಕೆಡಿಸುತ್ತವೆ, ಮಾತು ಕಡಿಮೆಯಿರುವ ಮಗು ಅದನ್ನು ಹೇಳಲಾರದು. ಎಷ್ಟು ಗಂಟೆಗೆ ಮಲಗಿತು, ಎಷ್ಟು ಸಲ ಎದ್ದಿತು, ಎದ್ದಾಗ ಏನು ಮಾಡಿತು ಎಂದು ಎರಡು ವಾರ ಬರೆದಿಟ್ಟು ವೈದ್ಯರಿಗೆ ತೋರಿಸಿದರೆ ಅವರಿಗೂ ಹಿಡಿತ ಸಿಗುತ್ತದೆ. ನಿದ್ದೆಯ ಹಾರ್ಮೋನಾದ ಮೆಲಟೋನಿನ್ ಹಲವು ಮಕ್ಕಳಿಗೆ ನಿದ್ದೆ ಹತ್ತಲು ನೆರವಾಗುತ್ತದೆ, ಆದರೆ ಪ್ರಮಾಣವನ್ನೂ ಹೊತ್ತನ್ನೂ ವೈದ್ಯರೇ ನಿಗದಿಪಡಿಸಬೇಕು.

ಇಬ್ಬರು ದೊಡ್ಡವರಿರುವ ಮನೆಯಲ್ಲಿ ಇಬ್ಬರೂ ಅರೆನಿದ್ದೆಯಲ್ಲಿರುವುದಕ್ಕಿಂತ ರಾತ್ರಿಯನ್ನು ಎರಡು ಪಾಳಿ ಮಾಡಿಕೊಳ್ಳುವುದು ಮೇಲು. ಪಾಳಿ ಇಲ್ಲದವರು ಬೇರೆ ಕೋಣೆಯಲ್ಲಿ, ಬಾಗಿಲು ಮುಚ್ಚಿಕೊಂಡು ಮಲಗಬೇಕು. ನಮ್ಮ ಮನೆಯಲ್ಲಿ ಮುಂಬಾಗಿಲಿಗೆ ತೆರೆದರೆ ಸದ್ದು ಮಾಡುವ ಚಿಕ್ಕ ಅಲಾರಂ ಹಾಕಿಸಿದ ಮೇಲೆ ನನ್ನ ಅರ್ಧ ಭಯ ಹೋಯಿತು. ಅಲ್ಲಿಯವರೆಗೆ ಚಿಲಕದ ಸದ್ದಿಗಾಗಿ ನಿದ್ದೆಯಲ್ಲೂ ಕಿವಿ ತೆರೆದಿಟ್ಟುಕೊಂಡಿರುತ್ತಿದ್ದೆ.

ನೀಲಿ ಲೋಟ ಬರೆದಿದ್ದಾರೆ:

ಪಾಳಿ ಹಂಚಿಕೊಳ್ಳಲು ಮನೆಯಲ್ಲಿ ಇನ್ನೊಬ್ಬರಿಲ್ಲದವರ ಪರವಾಗಿ ಬರೆಯುತ್ತೇನೆ, ನಾನು ಒಂಟಿ ತಾಯಿ. "ಯಾರನ್ನಾದರೂ ಸಹಾಯ ಕೇಳಿ" ಎಂಬ ಸಲಹೆ ನನಗೆ ಕೆಲಸಕ್ಕೆ ಬರಲಿಲ್ಲ. ಏನಾದರೂ ಬೇಕಿದ್ದರೆ ಹೇಳು ಎನ್ನುವವರು ಬಹಳ ಜನರಿದ್ದರು. ಏನು ಬೇಕು ಎಂದು ಯೋಚಿಸಿ, ವಿವರಿಸಿ, ಕಲಿಸಿಕೊಡುವುದೇ ನನಗೆ ಇನ್ನೊಂದು ಕೆಲಸವಾಗಿತ್ತು. ಅದನ್ನು ಒಮ್ಮೆ ಕಾಗದಕ್ಕೆ ಇಳಿಸಿದ್ದೇ ನೆರವಾಯಿತು.

ನನ್ನ ಹಾಳೆ ಹೀಗಿದೆ: ನೀರು ನೀಲಿ ಲೋಟದಲ್ಲಿ ಮಾತ್ರ, ಬೇರೆ ಲೋಟದಲ್ಲಿ ಕೊಟ್ಟರೆ ಚೆಲ್ಲುತ್ತಾನೆ, ಅದು ಹಟವಲ್ಲ. ಬಟ್ಟೆ ಒಗೆಯುವ ಯಂತ್ರ ಜೋರಾಗಿ ತಿರುಗುವ ಮೊದಲು ಅವನಿಗೆ ಹೇಳಿ, ಹೆಡ್‌ಫೋನ್ ಕೊಡಿ. ಕಿವಿಯ ಹಾಲೆಯನ್ನು ಎಳೆದುಕೊಳ್ಳಲು ಶುರು ಮಾಡಿದರೆ ಮೆಲ್ಟ್‌ಡೌನ್ (ತಡೆಯಲಾಗದೆ ಹಿಡಿತ ತಪ್ಪುವುದು) ಹತ್ತಿರವಿದೆ ಎಂದು ತಿಳಿಯಿರಿ. ಆಗ ಪ್ರಶ್ನೆ ಕೇಳಬೇಡಿ, ಮುಟ್ಟಬೇಡಿ, ದೀಪ ಆರಿಸಿ, ಎರಡು ಹೆಜ್ಜೆ ದೂರ ನೆಲದ ಮೇಲೆ ಕುಳಿತುಕೊಳ್ಳಿ. ಸಮಾಧಾನವಾದ ಮೇಲೆ ಅವನೇ ಬಂದು ನಿಮ್ಮ ಮೊಣಕಾಲಿಗೆ ಒರಗುತ್ತಾನೆ.

ಈ ಹಾಳೆಯನ್ನು ನನ್ನ ತಂಗಿಗೆ ಕೊಟ್ಟು, ಮೊದಮೊದಲು ಅವಳು ಅವನೊಡನಿರುವಾಗ ನಾನು ಪಕ್ಕದ ಕೋಣೆಯಲ್ಲಿಯೇ ಇರುತ್ತಿದ್ದೆ. ಎದ್ದು ಹೋಗದಿರುವುದೇ ನನ್ನ ಪಾಲಿನ ಅಭ್ಯಾಸ. ಆಮೇಲೆ ಮನೆಯಿಂದ ಹೊರಗೆ, ಆಮೇಲೆ ಹೆಚ್ಚು ಹೊತ್ತು. ಅವಳು ನನ್ನಂತೆ ಮಾಡುವುದಿಲ್ಲ. ಅವನು ಅವಳ ಜೊತೆ ಟೀವಿಯನ್ನು ಹೆಚ್ಚು ನೋಡುತ್ತಾನೆ, ಸ್ನಾನ ತಡವಾಗುತ್ತದೆ. ಇರಲಿ. ನನ್ನಂತೆಯೇ ಮಾಡುವವರು ಸಿಗುವವರೆಗೆ ಕಾಯುತ್ತಿದ್ದರೆ ನಾನು ಎಂದೂ ಹೊರಗೆ ಹೋಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ನಾನು ಏನು ಮಾಡುತ್ತೇನೆ ಎಂದು ಕೇಳಿದರೆ, ಸಾಮಾನು ತರುವುದನ್ನೂ ಬಿಲ್ ಕಟ್ಟುವುದನ್ನೂ ಮಾಡುವುದಿಲ್ಲ ಎಂಬುದಷ್ಟೇ ನಿಯಮ.

ನಡುವಿನವಳು ಬರೆದಿದ್ದಾರೆ:

ಆಟಿಸಂ ಇರುವ ಅಣ್ಣನ ತಂಗಿಯಾಗಿ ಚಿಕ್ಕದೊಂದು ಮಾತು. ಅಮ್ಮನ ಬಳಲಿಕೆಯನ್ನು ಮನೆಯಲ್ಲಿ ಮೊದಲು ಗುರುತಿಸುವವರು ನಾವೇ. ನಾವು ಸಮಸ್ಯೆ ಮಾಡದ ಮಕ್ಕಳಾಗಿ ಬೆಳೆಯುವುದೂ ಅದರಿಂದಲೇ. ತಂದೆತಾಯಿಯರು ವಿಶ್ರಾಂತಿ ತೆಗೆದುಕೊಳ್ಳುವುದನ್ನು ನೋಡಿದರೆ, ನಾವೂ ತೆಗೆದುಕೊಳ್ಳಬಹುದು ಎಂದು ನಮಗೆ ತಿಳಿಯುತ್ತದೆ. ಪಾಳಿಗೆ ಜನ ಸಾಲದು ಎಂದು ಇನ್ನೊಂದು ಮಗುವನ್ನು ಖಾಯಂ ಆಗಿ ಸೇರಿಸಬೇಡಿ.

ಸಾವಧಾನ ಬರೆದಿದ್ದಾರೆ:

ಹಾಳೆ ಇದ್ದರೂ, ತಂಗಿ ಇದ್ದರೂ, ಹೊರಗೆ ಹೆಜ್ಜೆಯಿಟ್ಟ ಕೂಡಲೇ ತಪ್ಪಿತಸ್ಥ ಭಾವ ಕಾಡುತ್ತದೆ ಎಂದು ನನಗೆ ಹೇಳುವವರು ಬಹಳ. ಆ ಭಾವಕ್ಕೆ ಒಂದು ಇತಿಹಾಸವೂ ಇದೆ. ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಅನ್ನು ವಿವರಿಸಿದ ನಂತರದ ದಶಕಗಳಲ್ಲಿ, ತಾಯಿಯ ತಣ್ಣನೆಯ ನಡವಳಿಕೆಯೇ ಆಟಿಸಂಗೆ ಕಾರಣ ಎಂಬ ವಾದ ಬೆಳೆಯಿತು, ಬ್ರೂನೋ ಬೆಟಲ್‌ಹೈಮ್ ಅದನ್ನು ಜನಪ್ರಿಯಗೊಳಿಸಿದರು. ಆಟಿಸಂ ಇರುವ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಅದನ್ನು ಖಂಡಿಸಿ, ಕಾರಣ ದೇಹದಲ್ಲಿದೆ, ತಾಯಿಯಲ್ಲಿಲ್ಲ ಎಂದು ವಾದಿಸಿದರು. ವಿಜ್ಞಾನ ಆ ಆರೋಪವನ್ನು ಕೈಬಿಟ್ಟು ದಶಕಗಳಾದರೂ, ಬಂಧುಗಳ ಕಣ್ಣಿನಲ್ಲಿ, ಕೆಲವೊಮ್ಮೆ ನಮ್ಮದೇ ತಲೆಯಲ್ಲಿ ಅದು ಉಳಿದಿದೆ.

ತನ್ನ ಬಗ್ಗೆ ತಾನೇ ಕರುಣೆ ತೋರಿಸುವುದರ ಕುರಿತು ಅಧ್ಯಯನ ಮಾಡಿರುವ ಕ್ರಿಸ್ಟಿನ್ ನೆಫ್ ಸ್ವತಃ ಆಟಿಸಂ ಇರುವ ಮಗನ ತಾಯಿ. ಅವರು ಸಹೋದ್ಯೋಗಿಯೊಬ್ಬರೊಡನೆ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಗುಣ ಹೆಚ್ಚಿರುವ ತಂದೆತಾಯಿಯರಲ್ಲಿ ಖಿನ್ನತೆ ಮತ್ತು ಒತ್ತಡ ಕಡಿಮೆಯಿದ್ದದ್ದು ಕಂಡುಬಂತು. ಇರುಳಂಚು ಅವರು ಧ್ಯಾನದ ಸಲಹೆ ಬೇಡ ಎಂದಿದ್ದರೂ ಒಂದನ್ನು ಹೇಳದೆ ಇರಲಾರೆ. ಎಲಿಸಬೆತ್ ಡೈಕೆನ್ಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆಟಿಸಂ ಮತ್ತು ಇತರ ಅಂಗವೈಕಲ್ಯಗಳಿರುವ ಮಕ್ಕಳ 243 ತಾಯಂದಿರಿದ್ದರು. ಆರು ವಾರಗಳ ಎರಡು ಬಗೆಯ ಗುಂಪು ತರಬೇತಿಗಳನ್ನು, ಒಂದು ಮನಸ್ಸನ್ನು ಈ ಕ್ಷಣದ ಮೇಲಿರಿಸುವ ಧ್ಯಾನದ ಅಭ್ಯಾಸ, ಇನ್ನೊಂದು ಅಪರಾಧಿ ಭಾವ ಮತ್ತು ಚಿಂತೆಗಳನ್ನು ನಿಭಾಯಿಸುವ ಪಾಠ, ಅವರಿಗೆ ಕೊಡಲಾಯಿತು. ಎರಡರಿಂದಲೂ ಒತ್ತಡ, ಖಿನ್ನತೆ, ಆತಂಕಗಳು ತಗ್ಗಿದವು. ನನಗೆ ಹೆಚ್ಚು ಮುಖ್ಯವೆನಿಸಿದ್ದು, ಅವನ್ನು ನಡೆಸಿದವರು ತರಬೇತಿ ಪಡೆದ ಅಂಥದೇ ಮಕ್ಕಳ ತಾಯಂದಿರು ಎಂಬುದು.

ಇರುಳಂಚು ಬರೆದಿದ್ದಾರೆ:

ಎಲ್ಲರಿಗೂ ಕೃತಜ್ಞತೆಗಳು. ವೈದ್ಯರನ್ನು ಕಾಣಲು ಸಮಯ ಗೊತ್ತುಮಾಡಿದ್ದೇನೆ, ಮಗನಿಗಲ್ಲ, ನನಗೆ. ಮೂರನೆಯ ಪಾಳಿ ಅವರಂತೆ ಅಭ್ಯಾಸಗಳನ್ನೆಲ್ಲ ಒಂದು ಕಾಗದದಲ್ಲಿ ಬರೆಯಲು ಕುಳಿತೆ. ಕಾಗದದ ಹಿಂಬದಿಗೂ ಹೋಗಬೇಕಾಯಿತು. ನನ್ನ ಅತ್ತೆಯವರು ಮಗನ ಜೊತೆ ಇರಲು ಒಪ್ಪಿದ್ದಾರೆ, ಅವರಿಗಾಗಿ ಹಾಳೆಯನ್ನೂ ಸಿದ್ಧಪಡಿಸುತ್ತಿದ್ದೇನೆ. ಒಂದು ಅನುಮಾನ ಮಾತ್ರ ಉಳಿದಿದೆ. ನಾನು ಹೊರಗೆ ಹೊರಟರೆ ಮಗ ಬಾಗಿಲ ಬಳಿ ಕುಳಿತುಬಿಡುತ್ತಾನೆ. ಅವನು ಬೇರೆ ಕಡೆ ನೋಡುತ್ತಿರುವಾಗ ಸದ್ದಿಲ್ಲದೆ ಹೋಗಿಬಿಡು ಎಂದು ಅತ್ತೆ ಹೇಳುತ್ತಾರೆ. ಅದು ಸರಿಯೇ?

ಗಾಳಿಪಟ ಬರೆದಿದ್ದಾರೆ:

ದಯವಿಟ್ಟು ಹಾಗೆ ಮಾಡಬೇಡಿ. ನೀವು ಯಾವಾಗ ಬೇಕಾದರೂ ಮಾಯವಾಗಬಹುದು ಎಂದು ಗೊತ್ತಾದರೆ, ಮನೆಯಲ್ಲಿರುವಾಗಲೂ ಅವನು ನಿಮ್ಮ ಮೇಲಿಂದ ಕಣ್ಣು ತೆಗೆಯುವುದಿಲ್ಲ. ಮೂರು ಚಿತ್ರಗಳನ್ನು ಸಾಲಾಗಿ ಅಂಟಿಸಿ: ನೀವು ಚಪ್ಪಲಿ ಹಾಕಿಕೊಳ್ಳುತ್ತಿರುವುದು, ಅವನು ಅಜ್ಜಿಯ ಜೊತೆ ಅವನಿಗೆ ಇಷ್ಟವಾದದ್ದನ್ನು ಮಾಡುತ್ತಿರುವುದು, ನೀವು ಬಾಗಿಲಲ್ಲಿ ಮರಳಿ ನಿಂತಿರುವುದು. ಹೊರಡುವ ಮೊದಲು ಅವನ ಬೆರಳಿನಿಂದ ಮೂರನ್ನೂ ಮುಟ್ಟಿಸಿ, ಎಂದಿನ ಒಂದೇ ವಾಕ್ಯ ಹೇಳಿ ಹೊರಡಿ. ಮೊದಲ ಕೆಲವು ಸಲ ಹತ್ತು ನಿಮಿಷದೊಳಗೆ ಬನ್ನಿ. ಹೇಳಿದ ಹೊತ್ತಿಗಿಂತ ಬೇಗ ಬಂದರೂ ಅಡ್ಡಿಯಿಲ್ಲ, ತಡವಾಗಬಾರದು. ಅವನು ಬಾಗಿಲ ಬಳಿ ಕುಳಿತರೆ ಕುಳಿತಿರಲಿ, ಅತ್ತೆಯವರು ಅವನನ್ನು ಎಬ್ಬಿಸಲು ಹೋಗದೆ, ಮೂರನೆಯ ಚಿತ್ರವನ್ನು ತಂದು ಅವನ ಪಕ್ಕದಲ್ಲಿಟ್ಟರೆ ಸಾಕು.

ನೀಲಿ ಲೋಟ ಬರೆದಿದ್ದಾರೆ:

ಮತ್ತು ಆ ಹತ್ತು ನಿಮಿಷದಲ್ಲಿ ಫೋನ್ ಮಾಡಿ "ಏನು ಮಾಡುತ್ತಿದ್ದಾನೆ" ಎಂದು ಕೇಳಬೇಡಿ. ತೊಂದರೆಯಾದರೆ ಮಾತ್ರ ಅವರೇ ಫೋನ್ ಮಾಡುವಂತೆ ಅತ್ತೆಯವರೊಡನೆ ಮೊದಲೇ ಒಪ್ಪಂದ ಮಾಡಿಕೊಳ್ಳಿ, ಅದನ್ನೂ ಹಾಳೆಯಲ್ಲಿ ಬರೆಯಿರಿ.